ಯಾವ ಸಾಲಿನಲ್ಲಿ ನಿಲ್ಲಬೇಕು?

ನಮಾಜಿಗೆ ಗಂಡಸರು ಮುಂದೆ, ಹೆಂಗಸರು ಹಿಂದೆ ಬೇರೆ ಸಾಲಿನಲ್ಲಿ ನಿಲ್ಲುವುದು ವಾಚಕ ಬಂಧುಗಳಿಗೆ ತಿಳಿದ ಸಂಗತಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಎಲ್ಲಿ ನಿಲ್ಲಬೇಕು? ನಮ್ಮ ಗಿರಣಿಯ ಹಾಜರಿ ಪುಸ್ತಕದಲ್ಲಿಯೂ ಗಂಡು, ಹೆಣ್ಣು ಎಂದು ಎರಡೇ ಮನೆಗಳಿವೆ. ಆದ್ದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಹುಟ್ಟಿನಿಂದಲೇ ಗಂಡೋ ಹೆಣ್ಣೋ ಎಂದು ತಿಳಿಯದ ದೇಹವುಳ್ಳವರನ್ನು ಹಿಂದಿನ ಇಸ್ಲಾಮೀ ಶಾಸ್ತ್ರಜ್ಞರು 'ಖುನ್ಸಾ' ಎಂದು ಕರೆದು, ಎರಡು ಸಾಲುಗಳ ನಡುವೆ ಅವರಿಗೆ ಸ್ಥಳ ಕೊಟ್ಟಿದ್ದರು. ದೇಹ ಗಂಡಿನದು, ಮನಸ್ಸು ಹೆಣ್ಣಿನದು ಎನ್ನುವವರಿಗೆ ಮಾತ್ರ ಅಷ್ಟು ಸುಲಭವಾಗಿ ಸ್ಥಳ ಸಿಗಲಿಲ್ಲ. ನಮ್ಮ ಸವದತ್ತಿಯ ಜೋಗಪ್ಪರಿಗೆ ಎಲ್ಲಮ್ಮನ ಗುಡ್ಡವಾದರೂ ಉಂಟು.

ಇಂಡೋನೇಷ್ಯದಲ್ಲಿ ಇಂಥವರನ್ನು 'ವಾರಿಯಾ' ಎನ್ನುತ್ತಾರೆ. ಹೆಂಗಸಿಗೆ ಅಲ್ಲಿ 'ವನಿತಾ' (ನಮ್ಮ ವನಿತೆಯೇ!), ಗಂಡಸಿಗೆ 'ಪ್ರಿಯಾ', ಎರಡನ್ನೂ ಕೂಡಿಸಿ ಕಟ್ಟಿದ ಪದವಿದು. ಜಾವಾದ ಯೋಗ್ಯಕಾರ್ತಾ ಪ್ರದೇಶದಲ್ಲಿ 2006ರ ಭೂಕಂಪಕ್ಕೆ 5,000ಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿಯ ವಾರಿಯಾಗಳು ಒಂದೆಡೆ ಕೂಡಿ ಸತ್ತವರಿಗಾಗಿ ಪ್ರಾರ್ಥಿಸಿದರು. ಹಾಗೆ ಕೂಡಿದವರಲ್ಲಿ ಒಬ್ಬರಾದ ಮರ್ಯಾನಿಯವರು 2008ರಲ್ಲಿ ತಮ್ಮ ಮನೆಯಲ್ಲಿಯೇ 'ಅಲ್ ಫತಾಹ್' ಎಂಬ ಪೆಸಾಂತ್ರೆನ್ ತೆರೆದರು. ಪೆಸಾಂತ್ರೆನ್ ಎಂದರೆ ಗುರುವಿನ ಬಳಿಯಲ್ಲಿಯೇ ಇದ್ದು ಧರ್ಮ ಕಲಿಯುವ ಶಾಲೆ. ಇಲ್ಲಿಗೆ ಬರುತ್ತಿದ್ದವರಿಗೆ ಹೊಟ್ಟೆಪಾಡು ಬೇರೆ ಇತ್ತು: ಕೆಲವರು ಬೀದಿಯಲ್ಲಿ ಹಾಡುವವರು, ಕೆಲವರು ಕೂದಲು ಕತ್ತರಿಸುವವರು, ಮೈ ಮಾರಿ ಬದುಕುವವರೂ ಇದ್ದರು. ಅವರು ಗೊತ್ತಾದ ದಿನಗಳಂದು ಬಂದು ಕುರಾನ್ ಓದಲು ಕಲಿಯುತ್ತಿದ್ದರು.

ಉಡುಪಿನ ವಿಷಯದಲ್ಲಿ ಅಲ್ಲಿ ಬಲವಂತವಿರಲಿಲ್ಲ. ಲುಂಗಿಯಂಥ ಸಾರಂಗ್ ಉಟ್ಟು ಗಂಡಸಿನಂತೆ ನಮಾಜು ಮಾಡುವವರು ಮಾಡಲಿ; ಹೆಂಗಸರ 'ಮುಕೆನಾ' ಎಂಬ ನಿಲುವಂಗಿ ತೊಡುವವರು ತೊಡಲಿ. ಶಾಸ್ತ್ರದ ವಾದಕ್ಕಿಂತ ಈ ಏರ್ಪಾಡೇ ನಮಗೆ ಹೆಚ್ಚು ಹಿಡಿಸಿತು.

ಇದಕ್ಕಿಂತ ದೊಡ್ಡ ಚಿಂತೆ ಸಾವಿನದು. ಮುಸ್ಲಿಮರಲ್ಲಿ ಶವಕ್ಕೆ ಸ್ನಾನ ಮಾಡಿಸುವುದು ಸಾಮಾನ್ಯವಾಗಿ ಗಂಡಿಗೆ ಗಂಡಸರು, ಹೆಣ್ಣಿಗೆ ಹೆಂಗಸರು. ಮನೆಯವರೇ ಕೈಬಿಟ್ಟವರಿಗೆ ಯಾರು ನೀರು ಹಾಕಬೇಕು, ಯಾರು ಮಣ್ಣು ಕೊಡಬೇಕು? ಊರು ಬಿಟ್ಟು ಬಂದು ಚಾಳಿನಲ್ಲಿ ಒಂಟಿಯಾಗಿ ಇರುವ ನಮ್ಮವರಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಮರ್ಯಾನಿಯವರು 2014ರಲ್ಲಿ ತೀರಿಕೊಂಡರು. ಶಿಂತಾ ರಾತ್ರಿಯವರು ಶಾಲೆಯನ್ನು ಕೋತಗೆಡೆಯಲ್ಲಿದ್ದ ತಮ್ಮ ಹಳೆಯ ಮನೆಗೆ ತಂದು ನಡೆಸಿದರು. 2016ರ ಫೆಬ್ರವರಿಯಲ್ಲಿ ಒಂದು ಉಗ್ರ ಗುಂಪು ಗದ್ದಲವೆಬ್ಬಿಸಿತು. ಸ್ಥಳೀಯ ಅಧಿಕಾರಿಗಳು ಶಾಲೆಯನ್ನು ಮುಚ್ಚಿಸಿದರು. ಕೆಲಕಾಲದ ನಂತರ, ಸದ್ದಿಲ್ಲದೆ, ಪಾಠ ಮತ್ತೆ ಆರಂಭವಾಯಿತು. 2019ರಲ್ಲಿ ಮಾನವ ಹಕ್ಕು ರಕ್ಷಕರಿಗಾಗಿ ಇರುವ ಅಂತರರಾಷ್ಟ್ರೀಯ ಪ್ರಶಸ್ತಿಯೊಂದು ಶಿಂತಾ ಅವರಿಗೆ ಬಂದಿತು. 2023ರಲ್ಲಿ ಅವರೂ ತೀರಿಕೊಂಡರು.