ಜಾಕಿ ಚಾನ್ ಯಾಕೆ ಹಾರಲಿಲ್ಲ?

"ಮಗಾ, ಜಾಕಿ ಚಾನ್ ಹಾರಲೇ ಇಲ್ವಲ್ಲೋ!"

ಹಾಸ್ಟೆಲ್ ರೂಮಿನಲ್ಲಿ 'ಪೊಲೀಸ್ ಸ್ಟೋರಿ 2013' ನೋಡಿ ಮುಗಿಸಿದಾಗ ಬಂದ ಮೊದಲ ಮಾತು ಇದು. ಇನ್ನೊಬ್ಬ "ಬೋರು" ಅಂದ. ಮತ್ತೊಬ್ಬ ಮಾತ್ರ "ಅಪ್ಪನ ಪಾತ್ರ ಚೆನ್ನಾಗಿತ್ತು ಕಣ್ರೋ" ಅಂದ. ಒಂದೇ ಸಿನಿಮಾ, ಮೂರು ಅಭಿಪ್ರಾಯ. ಯಾರದು ಸರಿ? ಈ ಸಲ ಇದನ್ನೇ ಪಾಠ ಮಾಡ್ಕೊಳ್ಳೋಣ.

ಮೊದಲು ಕಥೆ. ಪೊಲೀಸ್ ಅಧಿಕಾರಿ ಝಾಂಗ್ ವೆನ್, ತನ್ನಿಂದ ದೂರವಾಗಿದ್ದ ಮಗಳನ್ನು ಕಾಣಲು ಬೀಜಿಂಗ್‌ನ ಒಂದು ಬಾರ್‌ಗೆ ಹೋಗ್ತಾನೆ. ಬಾರ್ ಮಾಲೀಕ ಅಲ್ಲಿದ್ದವರನ್ನೆಲ್ಲ ಒತ್ತೆಯಾಳು ಮಾಡಿಕೊಳ್ತಾನೆ. ಅವನಿಗೆ ಬೇಕಿರೋದು ತನ್ನ ತಂಗಿಯ ಸಾವಿನ ಹಿಂದಿನ ಸತ್ಯ. ಡಿಂಗ್ ಶೆಂಗ್ ನಿರ್ದೇಶಿಸಿದ ಈ ಚಿತ್ರದ ಬಹುಪಾಲು ನಡೆಯೋದು ಆ ಕಟ್ಟಡದೊಳಗೇ.

ಹಾಗಾದರೆ ಸಿಟ್ಟು ಯಾಕೆ? ಹೆಸರಿನಿಂದ. 1985ರಲ್ಲಿ ಜಾಕಿ ತಾನೇ ನಿರ್ದೇಶಿಸಿ ನಟಿಸಿದ ಹಾಂಗ್‌ಕಾಂಗ್ ಚಿತ್ರ 'ಪೊಲೀಸ್ ಸ್ಟೋರಿ'. ಶಾಪಿಂಗ್ ಮಾಲ್‌ನಲ್ಲಿ ದೀಪ ಸುತ್ತಿದ ಕಂಬ ಹಿಡಿದು ಮೇಲಿನಿಂದ ಜಾರಿದ ದೃಶ್ಯದಲ್ಲಿ ಅವನ ಕೈಯೇ ಸುಟ್ಟಿತ್ತು. ನಾವು ಅದನ್ನು ತಲೆಯಲ್ಲಿಟ್ಟುಕೊಂಡು ಕೂತಿದ್ವಿ. ಆದರೆ 2013ರದ್ದು ಅದರ ಮುಂದುವರಿಕೆ ಅಲ್ಲ. ಪಾತ್ರ ಬೇರೆ, ಊರು ಬೇರೆ. 1954ರಲ್ಲಿ ಹುಟ್ಟಿದ ಜಾಕಿಗೆ ಆಗ 59 ವರ್ಷ.

ಲ್ಯಾಬ್‌ನಲ್ಲಿ ವರ್ನಿಯರ್ ಹಿಡಿದ ಕೂಡಲೇ ಏನು ಮಾಡ್ತೀವಿ? ಝೀರೋ ಎರರ್ ನೋಡ್ತೀವಿ. ಸಿನಿಮಾದ ವಿಷಯದಲ್ಲಿ ನಮ್ಮ ನಿರೀಕ್ಷೆಯೇ ಆ ಎರರ್. ಅದನ್ನು ಕಳೆಯೋಕೆ ಮೂರು ಪ್ರಶ್ನೆ ಸಾಕು:

1. ನಾನು ಏನು ನೋಡೋಕೆ ಕೂತಿದ್ದೆ?
2. ಸಿನಿಮಾ ಏನು ಹೇಳೋಕೆ ಹೊರಟಿತ್ತು?
3. ಹೊರಟಿದ್ದನ್ನು ಅದು ಸರಿಯಾಗಿ ಹೇಳಿತಾ?

"ಹಾರಲಿಲ್ಲ" ಅನ್ನೋದು ಮೊದಲ ಪ್ರಶ್ನೆಯಲ್ಲೇ ಕಳೆದುಹೋಗುತ್ತೆ. ಪಂಜರದೊಳಗಿನ ಕುಸ್ತಿಯಲ್ಲಿ ಝಾಂಗ್ ಚೆನ್ನಾಗಿ ಏಟು ತಿಂತಾನೆ. ಗೆದ್ದೇ ಗೆಲ್ಲುವ ಹೀರೋ ಅಲ್ಲ, ಮಗಳ ಎದುರು ಸೋತುಹೋದ ಒಬ್ಬ ಅಪ್ಪನನ್ನು ತೋರಿಸಬೇಕಿತ್ತು. ಅದು ನಮಗೆ ತಾಕಿತು.

ಹಾಗಂತ "ಬೋರು" ಅಂದವನು ಪೂರ್ತಿ ತಪ್ಪಲ್ಲ. ಒತ್ತೆಯಾಳು ಕಥೆಗೆ ಉಸಿರೇ ಬಿಗಿ. ಇಲ್ಲಿ ಪದೇ ಪದೇ ಬರುವ ಫ್ಲ್ಯಾಶ್‌ಬ್ಯಾಕ್ ಆ ಬಿಗಿಯನ್ನು ಸಡಿಲ ಮಾಡುತ್ತೆ. ಎರರ್ ಕಳೆದ ಮೇಲೂ ಉಳಿಯುವ ಈ ದೂರು ಮೂರನೇ ಪ್ರಶ್ನೆಗೆ ಸಿಕ್ಕ ನಿಜವಾದ ಉತ್ತರ. ಅವನು "ಬೋರು" ಅಂತ ನಿಲ್ಲಿಸದೆ ಎಲ್ಲಿ, ಯಾಕೆ ಅಂತ ಹೇಳಿದ್ದರೆ ಅದೇ ಒಳ್ಳೆ ವಿಮರ್ಶೆ ಆಗ್ತಿತ್ತು.

ಇದು ಜಾಕಿಗೋಸ್ಕರ ಅಲ್ಲ. ನಮ್ಮ ಮಾತಿನಿಂದ ಅವನಿಗೇನೂ ಆಗಲ್ಲ. ಆದರೆ ನಾಳೆ ಜೂನಿಯರ್ ಒಬ್ಬ ರಾತ್ರಿಯೆಲ್ಲ ಎಡಿಟ್ ಮಾಡಿದ ಕಿರುಚಿತ್ರ ತೋರಿಸ್ತಾನೆ. ನಾವು "ಬೋರು" ಅಂತ ಎದ್ದು ಹೋದರೆ ಅವನು ಎರಡನೇ ಚಿತ್ರ ಮಾಡದೇ ಇರಬಹುದು. ಅವನಿಗೆ ಮೂರು ಸಾಲಿನ ಉತ್ತರ ಕೊಡೋಣ. ಅಭ್ಯಾಸಕ್ಕೆ, ನೀವು ಕೊನೆಯದಾಗಿ ಬೈದ ಸಿನಿಮಾದಿಂದಲೇ ಶುರು ಮಾಡಿ.