ಪರರ ಕೂಸು, ನಮ್ಮ ಹೊಣೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಶಿಶುಪಾಲನೆ ನಡೆಸುವ ತಾಯಿಯೊಬ್ಬಳು, "ನಾನೂ ಹೆತ್ತವಳೇ, ನನಗೇಕೆ ಲೈಸೆನ್ಸು?" ಎಂದು ಕೇಳಬಹುದು. ಅಲ್ಲಿ ತನ್ನ ಮಕ್ಕಳಲ್ಲದೆ ಒಂದೇ ಕುಟುಂಬದ ಮಕ್ಕಳನ್ನು ನೋಡಿಕೊಳ್ಳಲು ಪರವಾನಗಿ ಬೇಡ. ಇನ್ನೊಂದು ಕುಟುಂಬದ ಮಗು ಬಂದರೆ ಬೇಕು. ಮನೆಯಲ್ಲಿರುವ ವಯಸ್ಕರೆಲ್ಲ ಬೆರಳಚ್ಚು ಕೊಡಬೇಕು. ಬೆಂಕಿ ಆರಿಸುವ ಸಾಧನವಿರಬೇಕು, ಪ್ರಥಮ ಚಿಕಿತ್ಸೆ ಕಲಿತಿರಬೇಕು. 10 ವರ್ಷದೊಳಗಿನ ಸ್ವಂತ ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ಚಿಕ್ಕ ಪರವಾನಗಿಯಲ್ಲಿ ಎಲ್ಲವೂ ಹಸುಗೂಸುಗಳಾದರೆ 4 ಮಾತ್ರ.

ಇದು ತಾಯ್ತನದ ಮೇಲಿನ ಸಂಶಯವಲ್ಲ. ಬೆಂಕಿ ಬಿದ್ದಾಗ ಎರಡು ಕೈಗಳು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲವು? ಐದನೆಯ ಕೂಸಿನ ತಾಯಿ ಅಂಗಲಾಚಿದರೂ "ಆಗದಮ್ಮ" ಎನ್ನುವುದು ಕಲ್ಲೆದೆಯಲ್ಲ. ಮೊದಲ ನಾಲ್ವರು ತಾಯಂದಿರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಪ್ರೀತಿಗೂ ಲೆಕ್ಕ ಬೇಕು.