ಹಳೇ ಡೀಸೆಲ್ ಪಿಕಪ್ ಕೊಳ್ಳುವ ಮುನ್ನ: ಮಂಡ್ಯ ಸೀಮೆಗೆ ಹನ್ನೊಂದು ಸೂತ್ರಗಳು

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದ ಊರುಗಳಿಗೆ ಹೊರಡುವ ದೊಡ್ಡ ಲಾರಿಗಳ ಹೊಟ್ಟೆ ತುಂಬಿಸುವುದು ಹಳ್ಳಿಹಳ್ಳಿಯಿಂದ ಕಾಯಿ ಹೊತ್ತು ತರುವ ಸಣ್ಣ ಗಾಡಿಗಳು. ಆಲೆಮನೆಯ ಬೆಲ್ಲ ಮಂಡ್ಯದ ಎಪಿಎಂಸಿಗೆ ಬರುವುದು, ಮಳವಳ್ಳಿ ಕಡೆಯ ತರಕಾರಿ ಕನಕಪುರದ ಮೇಲೆ ಬೆಂಗಳೂರು ಸೇರುವುದು, ರೇಷ್ಮೆಗೂಡು ರಾಮನಗರ ಮುಟ್ಟುವುದು ಇಂಥ ಗಾಡಿಗಳಲ್ಲೇ. ಬೊಲೆರೊ ಪಿಕಪ್, ಟಾಟಾ ಏಸ್, ಟಾಟಾ 207, ಅಶೋಕ್ ಲೇಲ್ಯಾಂಡ್ ದೋಸ್ತ್: ಹಳೆಯವುಗಳಲ್ಲಿ ಬಹುಪಾಲು ಡೀಸೆಲ್.

ಹೊಸ ಗಾಡಿಯ ಕಂತು ಕಟ್ಟಲಾಗದ ಹುಡುಗರು ಸೆಕೆಂಡ್ ಹ್ಯಾಂಡ್ ಗಾಡಿಯಿಂದಲೇ ಬದುಕು ಶುರು ಮಾಡುತ್ತಾರೆ. ಸರಿಯಾದ ಗಾಡಿ ಸಿಕ್ಕರೆ ಅದು ಮನೆಯನ್ನು ಎತ್ತುತ್ತದೆ. ತಪ್ಪು ಗಾಡಿ ಸಿಕ್ಕರೆ ದುಡಿದದ್ದೆಲ್ಲ ಗ್ಯಾರೇಜಿಗೆ ಹೋಗುತ್ತದೆ. ದುಡ್ಡು ಕೈಬಿಡುವ ಮುನ್ನ ಈ ಸೂತ್ರಗಳನ್ನು ಒಂದೊಂದಾಗಿ ಹಾಕಿ ನೋಡಿ.

1. ಮೊದಲು ಹೊರೆ ಮತ್ತು ದಾರಿ ಬರೆಯಿರಿ, ಗಾಡಿ ಆಮೇಲೆ ನೋಡಿ

ಏನು ಹೇರುತ್ತೀರಿ, ಎಷ್ಟು ತೂಕ, ದಿನಕ್ಕೆ ಎಷ್ಟು ಕಿಲೋಮೀಟರ್, ತಿಂಗಳಲ್ಲಿ ಎಷ್ಟು ದಿನ, ವಾಪಸ್ ಬರುವಾಗ ಬಾಡಿಗೆ ಸಿಗುತ್ತದೆಯೇ? ಈ ಐದು ಪ್ರಶ್ನೆಗೆ ಒಂದು ಹಾಳೆಯಲ್ಲಿ ಉತ್ತರ ಬರೆಯಿರಿ. ಎಳನೀರು ಮತ್ತು ಬೆಲ್ಲ ಭಾರದ ಸರಕು. ರೇಷ್ಮೆಗೂಡು ಹಗುರ, ಆದರೆ ಹರಾಜಿನ ಹೊತ್ತಿಗೆ ಮುಟ್ಟಲೇಬೇಕು. ಹಾಲಿನ ಕ್ಯಾನ್ ಸಾಗಿಸುವ ಗಾಡಿ ಪ್ರತಿ ಊರಿನಲ್ಲೂ ನಿಂತು ಹೊರಡಬೇಕು. ಈ ಮೂರಕ್ಕೂ ಒಂದೇ ಗಾಡಿ ಹೊಂದುವುದಿಲ್ಲ. ಪಕ್ಕದ ಮನೆಯವರು ಕೊಂಡರೆಂದು ನೀವೂ ಅದನ್ನೇ ಕೊಳ್ಳಬೇಡಿ.

2. ಡೀಸೆಲ್‌ನ ಬಲ ಎಲ್ಲಿದೆ ಎಂದು ತಿಳಿಯಿರಿ

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು. ಡೀಸೆಲ್ ಎಂಜಿನ್ ಗಾಳಿಯನ್ನು ಬಿಗಿಯಾಗಿ ಅದುಮಿ, ಆ ಕಾವಿನಿಂದಲೇ ಇಂಧನ ಹೊತ್ತಿಸುತ್ತದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು ಹತ್ತು ಪಟ್ಟು ಅದುಮಿದರೆ, ಹಳೇ ಡೀಸೆಲ್ ಹದಿನೆಂಟು, ಇಪ್ಪತ್ತು ಪಟ್ಟು ಅದುಮುತ್ತದೆ. ಹೀಗಾಗಿ ಸುಡುವ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿರುವ ಶಕ್ತಿಯೂ ಒಂದು ಲೀಟರ್ ಪೆಟ್ರೋಲ್‌ಗಿಂತ ಹೆಚ್ಚು. ಕಡಿಮೆ ವೇಗದಲ್ಲೇ ಎಳೆಯುವ ಶಕ್ತಿ ಬರುವುದರಿಂದ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೆಸರು ದಾರಿಯಲ್ಲಿ ಲೋಡ್ ಹೊತ್ತ ಗಾಡಿ ಎಂಜಿನ್ ಕಿರುಚದೆ ಮೇಲೇಳುತ್ತದೆ.

ಇನ್ನೊಂದು ಅನುಕೂಲವೂ ಇದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಎಥನಾಲ್ ಒಳ್ಳೆಯ ಸುದ್ದಿಯೇ. ಆದರೆ ಹಳೇ ಪೆಟ್ರೋಲ್ ಗಾಡಿಗಳ ರಬ್ಬರ್ ಪೈಪು, ಸೀಲುಗಳನ್ನು ಆ ಮಿಶ್ರಣಕ್ಕೆಂದು ಮಾಡಿದ್ದಲ್ಲ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಹಳೇ ಡೀಸೆಲ್‌ಗೆ ಈ ತೊಂದರೆ ಇಲ್ಲ.

3. ಲೀಟರ್ ದರ ಬಿಡಿ, ಕಿಲೋಮೀಟರ್ ದರ ಹಿಡಿಯಿರಿ

2012ರಲ್ಲಿ ಪೆಟ್ರೋಲ್‌ಗೂ ಡೀಸೆಲ್‌ಗೂ ಲೀಟರಿಗೆ ಸುಮಾರು 30 ರೂಪಾಯಿ ಅಂತರವಿತ್ತು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರವನ್ನು ನಿಯಂತ್ರಣದಿಂದ ಬಿಟ್ಟಿತು. 2025ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ ಶೇ. 21.17ಕ್ಕೆ ಏರಿತು. ಮೊದಲಿನಷ್ಟು ಅಂತರ ಈಗಿಲ್ಲ, ಹಾಗಾಗಿ "ಡೀಸೆಲ್ ಅಂದ್ರೆ ಅಗ್ಗ" ಎಂಬ ಹಳೇ ಮಾತನ್ನು ಹಾಗೇ ನಂಬದೆ ಲೆಕ್ಕ ಹಾಕಿ.

ಡೀಸೆಲ್ 91 ರೂ., ಗಾಡಿ ಲೀಟರಿಗೆ 14 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ: ಕಿಲೋಮೀಟರಿಗೆ 6.50 ರೂ. ಪೆಟ್ರೋಲ್ 103 ರೂ., ಅದೇ ಹೊರೆಗೆ 11 ಕಿ.ಮೀ. ಬಂದರೆ ಸುಮಾರು 9.40 ರೂ. ಉಳಿತಾಯ ಕಿಲೋಮೀಟರಿಗೆ 2.90 ರೂ. ತಿಂಗಳಿಗೆ 2,000 ಕಿ.ಮೀ. ಓಡಿಸಿದರೆ 5,800 ರೂ. ಉಳಿಯಿತು. ಬರೀ 300 ಕಿ.ಮೀ. ಓಡಿಸಿದರೆ ಉಳಿಯುವುದು 870 ರೂ. ಅಷ್ಟು ಉಳಿತಾಯ ಡೀಸೆಲ್ ಪಂಪಿನ ಒಂದು ರಿಪೇರಿಗೂ ಸಾಲದು. ಅಂದಿನ ಬಂಕ್ ದರ, ನಿಮ್ಮ ಗಾಡಿಯ ಮೈಲೇಜು ಹಾಕಿ ಇದೇ ಲೆಕ್ಕ ನೀವೇ ಮಾಡಿ.

4. ಎಂಜಿನ್ ಯಾವ ಕಾಲದ್ದು ಎಂದು ಕೇಳಿ

ದೇಶದಾದ್ಯಂತ ಹೊಗೆ ಮಿತಿಯ ಬಿಎಸ್-4 ನಿಯಮ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. ಈ ಎರಡು ತಾರೀಖು ನೆನಪಿನಲ್ಲಿರಲಿ.

ಬಿಎಸ್-3ರ ಕಾಲದ ಹಲವು ಗಾಡಿಗಳಲ್ಲಿ ಮೆಕ್ಯಾನಿಕಲ್ ಪಂಪ್ ಇರುತ್ತದೆ. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನ 702 ಸಿಸಿ, ಎರಡು ಸಿಲಿಂಡರ್ ಎಂಜಿನ್ ಆ ಬಗೆಯದು. ಹೊಗೆ ಹೆಚ್ಚು, ವೇಗ ಕಡಿಮೆ, ಆದರೆ ಸಣ್ಣ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತದೆ. 2011ರಲ್ಲಿ ಬಂದ ದೋಸ್ತ್‌ನಲ್ಲಿ, ಬಿಎಸ್-4 ಬೊಲೆರೊ ಪಿಕಪ್‌ನ 2523 ಸಿಸಿ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ಆಗಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ವ್ಯವಸ್ಥೆ ಇದೆ. ಮೈಲೇಜು, ಎಳೆತ ಎರಡೂ ಚೆನ್ನ. ಆದರೆ ಇಂಜೆಕ್ಟರ್, ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು, ಬಿಲ್ಲೂ ದೊಡ್ಡದು. ಬಿಎಸ್-6 ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬಿಸಿಯಾಗಿ ದೂರ ಓಡಿದಾಗ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಪೇಟೆಯೊಳಗೆ ಎರಡು, ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ.

ನಮ್ಮ ಸೀಮೆಯ ದಿನದ ದುಡಿಮೆಗೆ, ಚೆನ್ನಾಗಿ ನೋಡಿಕೊಂಡ ಬಿಎಸ್-4 ಗಾಡಿ ಹದವಾದ ಆಯ್ಕೆ.

5. ತಣ್ಣಗಿರುವ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ

ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಅಂದು ವ್ಯಾಪಾರ ಬೇಡ. ಮಾರನೆಯ ದಿನ ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ ನೋಡಿ, ಆಮೇಲೆ ಕೀಲಿ ತಿರುಗಿಸಿ. ಕಂಪ್ರೆಷನ್ ಚೆನ್ನಾಗಿರುವ ಡೀಸೆಲ್ ಬೇಗ ಹಿಡಿಯುತ್ತದೆ. ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಹೀಟರ್ ಪ್ಲಗ್, ಬ್ಯಾಟರಿ, ಪಂಪ್ ಅಥವಾ ಕಂಪ್ರೆಷನ್, ಇವುಗಳಲ್ಲಿ ಯಾವುದೋ ಒಂದರಲ್ಲಿ ದೋಷವಿದೆ.

ನಿಂತ ಗಾಡಿಯ ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ರಭಸವಾಗಿ ಹೊಗೆ ನುಗ್ಗಿದರೆ ಬ್ಯಾಕ್ ಕಂಪ್ರೆಷನ್ ಇದೆ, ರಿಂಗು, ಪಿಸ್ಟನ್ ಸವೆದಿವೆ, ಎಂಜಿನ್ ಬಿಚ್ಚುವ ಕಾಲ ಹತ್ತಿರವಿದೆ. ಆಯಿಲ್ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್‌ನಲ್ಲಿ ಅದು ಸಹಜ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಆ ಗಾಡಿ ಬಿಟ್ಟುಬಿಡಿ.

6. ಹೊಗೆಯ ಬಣ್ಣ ನೋಡಿ

ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ. ಏರ್ ಫಿಲ್ಟರ್, ನಾಜಲ್ ಅಥವಾ ಪಂಪ್ ನೋಡಬೇಕು, ಕೆಲವೊಮ್ಮೆ ಸಣ್ಣ ಖರ್ಚಿನಲ್ಲೇ ಸರಿಹೋಗುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ, ಖರ್ಚು ದೊಡ್ಡದು. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ.

7. ಲೋಡ್ ಹಾಕಿಯೇ ಓಡಿಸಿ ನೋಡಿ

ಖಾಲಿ ಗಾಡಿ ಎಲ್ಲರಿಗೂ ಚೆನ್ನಾಗಿಯೇ ಓಡುತ್ತದೆ. ಹತ್ತಿಪ್ಪತ್ತು ಮೂಟೆ ಹೇರಿ, ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಏರು ಇರುವ ದಾರಿಯಲ್ಲಿ ಓಡಿಸಿ. ಏರಿನಲ್ಲಿ ಎಂಜಿನ್ ಸುತ್ತು ಹೆಚ್ಚಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಿಂದಿನಿಂದ ಊಳಿಡುವ ಸದ್ದು ಬಂದರೆ ಕ್ರೌನ್ ಪಿನಿಯನ್ ನೋಡಿಸಿ. ಟೆಂಪರೇಚರ್ ಮುಳ್ಳು ಏರುತ್ತಾ ಹೋದರೆ ಅಲ್ಲೇ ನಿಲ್ಲಿಸಿ.

ಗಾಡಿಯ ಅಡಿಗೆ ಹೋಗಿ ಚಾಸಿ ನೋಡಿ. ವೆಲ್ಡಿಂಗ್ ಗುರುತು, ಬಾಗು, ಹೆಚ್ಚುವರಿಯಾಗಿ ಸೇರಿಸಿದ ಸ್ಪ್ರಿಂಗ್ ಪಟ್ಟಿಗಳು ಕಂಡರೆ ಗಾಡಿ ಮಿತಿಮೀರಿ ಹೊತ್ತಿದೆ. ಎಂಜಿನ್ ಬದಲಿಸಬಹುದು, ಚಾಸಿ ಸೋತರೆ ಗಾಡಿಯೇ ಮುಗಿಯಿತು.

8. ಕಾಗದಪತ್ರ ಸರಿಯಿಲ್ಲದೆ ಮುಂಗಡ ಕೊಡಬೇಡಿ

ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯ ಮೇಲಿನ ನಂಬರಿಗೆ ಹೊಂದಬೇಕು. ಸಾಲವಿದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. "ಹೆಸರು ಆಮೇಲೆ ಮಾಡಿಸ್ಕೊಳ್ಳಿ" ಎಂಬ ಮಾತಿಗೆ ಮಾರುವವರೂ ಒಪ್ಪಬಾರದು, ಕೊಳ್ಳುವವರೂ ಒಪ್ಪಬಾರದು.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಬೇಕು. ವಯಸ್ಸು ಹೆಚ್ಚಾದಂತೆ ಅದರ ಶುಲ್ಕವೂ ಏರುತ್ತದೆ. ಹಸಿರು ತೆರಿಗೆ, ಇನ್ಶೂರೆನ್ಸ್, ಬಾಕಿ ದಂಡ ಎಲ್ಲವನ್ನೂ ಆನ್‌ಲೈನ್‌ನಲ್ಲಿ ನೋಡಿಕೊಳ್ಳಿ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಆದ್ದರಿಂದ ಆರ್‌ಸಿಯಲ್ಲಿ ತೂಕದ ಸಾಲನ್ನು ತಪ್ಪದೆ ಓದಿ. 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ.

9. ಗಾಡಿಯ ಬೆಲೆಯ ಜೊತೆಗೆ ರಿಪೇರಿ ದುಡ್ಡೂ ಇಟ್ಟುಕೊಳ್ಳಿ

ಕೈಯಲ್ಲಿರುವ ಪೂರ್ತಿ ಹಣ ಕೊಟ್ಟು ಗಾಡಿ ತರಬೇಡಿ. ಐದರಲ್ಲಿ ಒಂದು ಪಾಲಾದರೂ ಬೇರೆ ಇರಲಿ. ತಂದ ಕೂಡಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಬೆಲ್ಟು, ಕೂಲಂಟ್ ಬದಲಿಸಿ. ಡೀಸೆಲ್ ಗಾಡಿಯ ಪಂಪು, ನಾಜಲ್, ಟರ್ಬೊ, ಬ್ಯಾಟರಿ ಎಲ್ಲವೂ ಪೆಟ್ರೋಲ್ ಗಾಡಿಯ ಭಾಗಗಳಿಗಿಂತ ದುಬಾರಿ. ಹಳೇ ಡೀಸೆಲ್‌ನ ದೊಡ್ಡ ದೋಷ ಇದೇ: ಕೆಡುವುದು ಅಪರೂಪ, ಕೆಟ್ಟರೆ ಖರ್ಚು ಒಂದೇ ಸಲ ಬಂದು ನಿಲ್ಲುತ್ತದೆ. ಪ್ರತಿ ಬಾಡಿಗೆಯಿಂದ ಸ್ವಲ್ಪ ಎತ್ತಿಟ್ಟವರು ಆ ದಿನ ಸಾಲ ಮಾಡಬೇಕಾಗುವುದಿಲ್ಲ.

10. ಓಡಿಸುವ ರೀತಿಯಲ್ಲೇ ಉಳಿತಾಯವಿದೆ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಳೇ ಪಿಕಪ್ಪನ್ನು ಕಾರಿನಂತೆ ಓಡಿಸಬೇಡಿ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚಿ ಮೈಲೇಜು ಇಳಿಯುತ್ತದೆ. ಗಂಟೆಗೆ 55, 60ರ ಹದದಲ್ಲಿ ಹೋದರೆ ಎಂಜಿನ್, ಟೈರು, ಜೇಬು ಮೂರೂ ಉಳಿಯುತ್ತವೆ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿ.ಮೀ. ಇಷ್ಟು ಹತ್ತಿರದ ಬಾಡಿಗೆಗೆ ಸರ್ವಿಸ್ ರಸ್ತೆಯೇ ಸಾಕು.

ದೂರ ಓಡಿ ಬಂದ ಟರ್ಬೊ ಗಾಡಿಯನ್ನು ತಕ್ಷಣ ಆಫ್ ಮಾಡದೆ, ನಿಲ್ಲಿಸಿ ಎಂಜಿನ್ನನ್ನು ಒಂದೆರಡು ನಿಮಿಷ ನಿಧಾನಕ್ಕೆ ಓಡಲು ಬಿಡಿ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಇಳಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಡಿ, ಪೈಪಿಗೆ ಗಾಳಿ ಹೊಕ್ಕರೆ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಓವರ್‌ಲೋಡ್ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಅದಕ್ಕೆ 20,000 ರೂ. ದಂಡ, ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಹೇಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೇ ಹೋಗುವುದು.

11. ಹೊಗೆಯನ್ನು ಹಗುರವಾಗಿ ನೋಡಬೇಡಿ

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಲೋಡ್ ಮಾಡುವ ಹಮಾಲರು, ಸಂತೆಯಲ್ಲಿ ಕೂತ ಹೆಂಗಸರು, ಓಡಿಸುವ ನೀವು. ಸರಕು ಇಳಿಸುವಾಗ ಎಂಜಿನ್ ಆಫ್ ಮಾಡಿ. ಹೊಗೆ ತಪಾಸಣೆಯನ್ನು ಬರೀ ಕಾಗದಕ್ಕಾಗಿ ಮಾಡಿಸಬೇಡಿ. ಹೊಗೆಯ ವಿಷ ತಗ್ಗಿಸುವ ಇಜಿಆರ್ ವಾಲ್ವ್ ಮುಚ್ಚಿಸಿ, ಮಸಿ ಹಿಡಿಯುವ ಫಿಲ್ಟರ್ ಕಿತ್ತು ಹಾಕಿಸಿ ಎನ್ನುವವರ ಮಾತು ಕೇಳಬೇಡಿ. ಕಪ್ಪಗೆ ಹೊರಬೀಳುವ ಹೊಗೆ ನೀವು ದುಡ್ಡು ಕೊಟ್ಟು ಹಾಕಿಸಿದ, ಸುಡದೆ ಉಳಿದ ಡೀಸೆಲ್ಲೇ.

ಕೊನೆಯ ತೀರ್ಮಾನ

ದಿನವೂ ಭಾರ ಹೊತ್ತು ತಿಂಗಳಿಗೆ 1,500 ಕಿ.ಮೀ. ಮೇಲೆ ಓಡಿಸುವವರಿಗೆ ಹಳೇ ಡೀಸೆಲ್ ಪಿಕಪ್ ಇಂದಿಗೂ ಒಳ್ಳೆಯ ಬಂಡವಾಳ. ವಾರಕ್ಕೆರಡು ದಿನ ಸಂತೆಗೆ ಹೋಗಿ ಬರುವವರು, ಪೇಟೆಯೊಳಗೇ ಹಗುರ ಸರಕು ಸಾಗಿಸುವವರು ಪೆಟ್ರೋಲ್ ಗಾಡಿ ನೋಡಿ. ದಾರಿಯಲ್ಲಿ ಬಂಕ್ ಇದ್ದರೆ ಸಿಎನ್‌ಜಿ ನೋಡಿ. ಅದೂ ಬೇಡವೆಂದರೆ ಆ ದಿನಕ್ಕೆ ಬಾಡಿಗೆ ಗಾಡಿ ಮಾಡಿಕೊಳ್ಳಿ, ತಪ್ಪಿಲ್ಲ. ಗಾಡಿಯ ಬಣ್ಣಕ್ಕೆ, ಮಾರುವವರ ಅವಸರಕ್ಕೆ ಮನಸ್ಸು ಕೊಡಬೇಡಿ. ನಿಮ್ಮ ಹಾಳೆಯಲ್ಲಿ ಬರೆದ ಲೆಕ್ಕ ಒಪ್ಪಿದರೆ ಕೊಳ್ಳಿ, ಒಪ್ಪದಿದ್ದರೆ ಇನ್ನೊಂದು ಗಾಡಿ ಹುಡುಕಿ.